ಮರೆ

ನಾಲ್ಕನೆಯ ಸಲ ಮರಳಿದೆ ಈ ಜೇಬುಗಡಿಯಾರ.
ಅದೇ ತಗಡಿನ ಡಬ್ಬಿ, ಅದೇ ಹಸಿರು ದಾರ,
ವಾಲೇ ಕಣಿವೆಯ ಅಂಚೆಮುದ್ರೆ.
ಲ ಲೋಕ್ಲ್ ಊರಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ;
ಮಿಕ್ಕರ್ಧದ ಬೆಳಕಿನಲ್ಲಿ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಮುಚ್ಚಳ ತೆಗೆದೆ.

ಕೂದಲಿಗಿಂತ ತೆಳು ಉಕ್ಕಿನ ಸುರುಳಿ.
ಒಂದರ ಮೈಗೊಂದು ತಾಕದೆ ಉಸಿರಾಡಬೇಕಾದ ಸುತ್ತುಗಳು
ಚಳಿಗೆ ಒತ್ತರಿಸಿ ಕೂತ ಮಕ್ಕಳ ಹಾಗೆ ಅಂಟಿಕೊಂಡಿವೆ.
ಸುರುಳಿ ಗಿಡ್ಡವಾದಷ್ಟೂ ಓಟ ಜೋರು:
ದಿನಕ್ಕೆ ಹನ್ನೊಂದು ನಿಮಿಷ ಮುಂದೆ.
ಅಂಗಿಗುಂಡಿಯಷ್ಟಗಲದ ದಿಕ್ಸೂಚಿ ಹತ್ತಿರ ಹಿಡಿದೆ;
ಕಳ್ಳನ ವಾಸನೆ ಹತ್ತಿದ ನಾಯಿಯಂತೆ
ಮುಳ್ಳು ಅತ್ತ ತಿರುಗಿತು.

ಹಿಂದಿನ ಮೂರು ಸಲ ತಂತಿಯುರುಳೆಯಲ್ಲಿ ಹಾಯಿಸಿ
ದೆವ್ವ ಬಿಡಿಸಿದಂತೆ ಬಿಡಿಸಿ ಕಳಿಸಿದ್ದೆ.
ಈ ಸಲ ಜೊತೆಗೊಂದು ಕಾಗದ.
ಅರ್ಮಾ ಸೋತಿಯೆ, ಜನರೇಟರ್ ಮನೆ, ಎರಡನೆ ಪಾಳಿ:

“ಮದಮ್ವಾಜೆಲ್ ಪೆರ್ನೂ,
ಎರಡು ಗಂಟೆಗೆ ಕರೆಂಟು ನಿಲ್ಲಿಸುವುದೆಂದು ಮಾತಾಗಿತ್ತು.
ನನ್ನ ಗಡಿಯಾರದಲ್ಲಿ ಎರಡಾಗಿತ್ತು. ಹುಡುಗನಿಗೆ ‘ಹೋಗು’ ಅಂದೆ.
ಬಲಗೈಯ ಎರಡು ಬೆರಳು. ಬದುಕಿದ್ದಾನೆ.
ಗಡಿಯಾರದ ತಪ್ಪೋ, ನನ್ನದೋ,
ನೀವು ಹೇಳಬೇಕು.”

ಕಾಗದ ಮಡಿಸಿಟ್ಟು
ಲೋಹದಂಗಡಿಯ ಸಾಂದೋ ಮುದುಕನಲ್ಲಿಗೆ ನಡೆದೆ.
ಗಟ್ಟಿ ಉಕ್ಕು ಬೇಡ, ಅಂದೆ. ಅದಕ್ಕೆ ನೆನಪು ಜಾಸ್ತಿ;
ಒಮ್ಮೆ ಮುಟ್ಟಿದ ಸೂಜಿಗಲ್ಲನ್ನು ಜನ್ಮಕ್ಕೂ ಬಿಡದೆ
ತಾನೂ ಸೂಜಿಗಲ್ಲಾಗಿ ಕೂರುತ್ತದೆ.
ಬೇಕಾದ್ದು ಮೆತ್ತನೆ ಕಬ್ಬಿಣ,
ಕೆಂಪಗೆ ಕಾಸಿ, ಬೂದಿಯಲ್ಲಿ ಹುಗಿದು,
ರಾತ್ರಿಯಿಡೀ ತಾನಾಗಿ ಆರಲು ಬಿಟ್ಟದ್ದು.
ಮರೆಯಾಗಿ ನಿಲ್ಲುವುದು
ಮೊದಲು ಮರೆಯಲು ಕಲಿತಿರಬೇಕು.

ಹಿಂದೊಂದು ಬಟ್ಟಲು, ಸುತ್ತ ಒಂದು ಬಳೆ,
ಅಂಕಿಗಳ ಬಿಲ್ಲೆಯ ಕೆಳಗೆ ಇನ್ನೊಂದು ಬಿಲ್ಲೆ.
ತಾರೀಖಿಗೆಂದು ಕಿಂಡಿ ಕೊರೆಯಲಿಲ್ಲ,
ಕಿಂಡಿಯಿದ್ದಲ್ಲಿ ಸೋರುತ್ತದೆ.

ಕೆಲಸ ಕಲಿಯುವ ಹುಡುಗಿ ಲೂಸೆತ್ ಕೇಳಿದಳು:
ಹೊಡೆದೋಡಿಸುತ್ತದೆಯೇ ಇದು, ಕೋಟೆಗೋಡೆ ಹಾಗೆ?
ಇಲ್ಲವೇ ಹುಡುಗಿ.
ಅಯಸ್ಕಾಂತ ಅಂದರೆ ಕಬ್ಬಿಣದ ಕಾಂತ ತಾನೆ,
ನಲ್ಲನ ಮುಖಕ್ಕೆ ಕದ ಹಾಕುವಷ್ಟು ಕಲ್ಲೆದೆ ಇದಕ್ಕಿಲ್ಲ.
ಬಾ ಅನ್ನುತ್ತದೆ. ಒಳಮನೆಗಲ್ಲ.
ಗೋಡೆಯ ದಪ್ಪದೊಳಗೇ ಹಾದಿ ಬಿಟ್ಟುಕೊಟ್ಟು
ಸುತ್ತಿಸಿ ಆಚೆ ಬದಿಯಿಂದ ಬೀಳ್ಕೊಡುತ್ತದೆ.
ಒಳಗೆ ಮಲಗಿದ ಕೂಸಿಗೆ
ಯಾರೋ ಬಂದು ಹೋದ ಸದ್ದೂ ಇಲ್ಲ.

ತುಂಬಾ ಬಂದರೆ?
ಗೋಡೆ ತುಂಬಿಹೋಗುತ್ತದೆ. ಆಮೇಲಿನದೆಲ್ಲ ಒಳಕ್ಕೆ.
ಅದಕ್ಕೇ ದಪ್ಪ ಕತ್ತರಿಸಿದೆ, ನೋಡಲು ಚೆನ್ನಾಗಿಲ್ಲದಿದ್ದರೂ.

ಗಡಿಯಾರ ಕೂರಿಸುವ ಮುನ್ನ
ಖಾಲಿ ಡಬ್ಬಿಯಲ್ಲಿ ದಿಕ್ಸೂಚಿಯಿಟ್ಟು ಮುಚ್ಚಿ
ನಡುವಿನ ತೂತಿಗೆ ಕಣ್ಣು ಹಚ್ಚಿದೆ.
ಲಾಳದಾಕಾರದ ಅಯಸ್ಕಾಂತವನ್ನು ಲೂಸೆತ್ ಹತ್ತಿರ ತಂದಳು,
ಇನ್ನೂ ಹತ್ತಿರ. ಮುಳ್ಳು ಅಲುಗಲಿಲ್ಲ.
ಅವಳು ಚಪ್ಪಾಳೆ ತಟ್ಟಿದಳು.
ನಾನು ಡಬ್ಬಿಯನ್ನೇ ಮೆಲ್ಲಗೆ ತಿರುಗಿಸಿದೆ.
ಮುಳ್ಳೂ ಜೊತೆಗೇ ತಿರುಗಿತು,
ಗೋಡೆ ಕಡೆಗೆ, ಒಲೆ ಕಡೆಗೆ, ನನ್ನ ಕಡೆಗೆ,
ಯಾವುದಾದರೂ ಆದೀತು ಎಂಬಂತೆ.
ಭೂಮಿ ಎಂದಿನಿಂದಲೋ ಎಳೆದು ಹಿಡಿದಿರುವ
ಆ ಒಂದು ಸಣ್ಣ ಎಳೆಯೂ
ಗೋಡೆಯಲ್ಲೇ ಸುತ್ತಿ ಹೊರಟುಹೋಗಿತ್ತು.
ಕಾಯುವುದರಲ್ಲಿ ಇದೂ ಸೇರಿದೆಯೆಂದು
ನನಗೆ ಕಲಿಸಿದವರು ಹೇಳಿರಲಿಲ್ಲ.
ಒಳಗೆ ಉತ್ತರವಿಲ್ಲ.

ಹನ್ನೆರಡು ದಿನ ಗೂಟಕ್ಕೆ ತೂಗುಹಾಕಿ ನೋಡಿದೆ.
ದಿನಕ್ಕೆ ಎರಡು ಸೆಕೆಂಡು, ಅದೂ ಹಿಂದಕ್ಕೆ.
ಹಸಿರು ದಾರ ಕಟ್ಟಿ ಚೀಟಿ ಬರೆದೆ:
“ಜೇಬಿಗೆ ಭಾರವೆನ್ನಿಸೀತು, ಅಭ್ಯಾಸವಾಗುತ್ತದೆ.
ಕಬ್ಬಿಣಕ್ಕೆ ದುಡ್ಡು ಬೇಡ.”

ಅವನ ಕಾಗದ ಇನ್ನೂ ಇಲ್ಲೇ ಇದೆ.
ಕತ್ತರಿಸಿ ಉಳಿದ ತುಂಡೊಂದನ್ನು ಮೇಲಿಟ್ಟಿದ್ದೇನೆ,
ಬಾಗಿಲು ತೆರೆದಾಗಿನ ಗಾಳಿಗೆ
ಹಾರದಂತೆ.